ಚೌಕಳಿ ಮುಖದ ಮದುಮಗಳು

"ಒಳಗೆ ಹೋಗಿ, ಇನ್ನೂ ಜಾಗ ಇದೆ" ಎಂದು ಬಸ್ಸಿನಲ್ಲಿ ಕೂಗಿ ಕೂಗಿಯೇ ನಿವೃತ್ತನಾದವನಿಗೆ ಯಾವುದೂ ತುಂಬಿತು ಅನ್ನಿಸುವುದಿಲ್ಲ. ಬೀದಿಯವರ ಪಾಲಿಗೆ ಇಂದಿಗೂ ಕಂಡಕ್ಟರನೇ ಆಗಿರುವ ಈತನ ಮನೆಯ ಕಪಾಟೂ ಹಾಗೆಯೇ ಇತ್ತು: ನೆಂಟರಿಷ್ಟರ ಮದುವೆ, ಮಕ್ಕಳ ಶಾಲೆಯ ನಾಟಕ, ಎಲ್ಲವೂ ಡಿವಿಡಿಗಳಲ್ಲಿ. ಒಂದು ದಿನ ಬಾಗಿಲು ತೆರೆದ ಹೆಂಡತಿಯ ಕಾಲ ಮೇಲೆ ರಾಶಿಯೇ ಜಾರಿಬಿತ್ತು.

"ಈ ಮನೇಲಿ ಇವಿರಬೇಕು, ಇಲ್ಲ ನಾನಿರಬೇಕು!"

ಕಂಡಕ್ಟರ್ ಯೋಚಿಸಲು ಸ್ವಲ್ಪ ಹೊತ್ತು ತೆಗೆದುಕೊಂಡ. ಅದೇ ತಪ್ಪಾಯಿತು. ಆಮೇಲಿನ ಬೈಗುಳವನ್ನು ಬರೆಯಲಾಗದು.

ಮರುದಿನವೇ ಹಳೆಯ ಕಂಪ್ಯೂಟರಿನ ಧೂಳು ಕೊಡವಿ ಕೂತ. ಡಿವಿಡಿ ಹಾಕುವುದು, ವಿಡಿಯೋ ಕುಗ್ಗಿಸಿ ಫೈಲು ಮಾಡುವುದು, ತೆಗೆದು ಇನ್ನೊಂದು ಹಾಕುವುದು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಅರಚುತ್ತಿತ್ತು. ಫೈಲಿನ ಗಾತ್ರ ಎಷ್ಟಿರಲಿ ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ ಎಲ್ಲಕ್ಕಿಂತ ಚಿಕ್ಕದನ್ನೇ ಒತ್ತಿದ. ಅಷ್ಟೂ ಮದುವೆಗಳು ಹೆಬ್ಬೆರಳಿನಷ್ಟು ಪೆನ್ ಡ್ರೈವಿನಲ್ಲಿ ಹಿಡಿದವು. ಡಿವಿಡಿಗಳನ್ನು ಪಕ್ಕದ ಮನೆಯ ದರ್ಜಿಗೆ ದಾನ ಮಾಡಿದ. ಅವನು ಪಾರಿವಾಳ ಹೆದರಿಸಲೆಂದು ದಾರ ಕಟ್ಟಿ ತನ್ನ ತಾರಸಿಯಲ್ಲಿ ತೂಗುಹಾಕಿದ.

ಭಾನುವಾರ ನಾದಿನಿ ಗಂಡನ ಜೊತೆ ಬಂದಳು. "ಭಾವ, ನಮ್ಮ ಮದುವೆ ಹಾಕಿ, ನೋಡೋಣ."

ಟೀವಿಯಲ್ಲಿ ಬಣ್ಣದ ಚೌಕಗಳು ಒಂದನ್ನೊಂದು ನೂಕಾಡತೊಡಗಿದವು.

"ಇದ್ಯಾರು?"

"ನೀನೇ ಕಣಮ್ಮ."

"ಪಕ್ಕದಲ್ಲಿರೋದು?"

"ನಿನ್ನ ಗಂಡ ಇರಬೇಕು. ಇಲ್ಲಾಂದ್ರೆ ಕಂಬ."

"ಆಗ ಸಣ್ಣಗಿದ್ದೆ, ಕಂಬಾನೇ ಅಂದ್ಕೊಳ್ಳಿ" ಎಂದ ಷಡ್ಡಕ.

ನಾದಿನಿ ನಗಲಿಲ್ಲ. "ಅಪ್ಪ ಓಡಾಡೋದು, ಮಾತಾಡೋದು ಇರೋದು ಇದೊಂದರಲ್ಲೇ ಭಾವ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಂಡಕ್ಟರ್ ಟೀವಿ ಆರಿಸಿದ. ಎದ್ದವನೇ ದರ್ಜಿಯ ತಾರಸಿಗೆ ಓಡಿದ. ಹೆದರಬೇಕಾದ ಪಾರಿವಾಳಗಳು ಡಿವಿಡಿಗಳಲ್ಲಿ ಮುಖ ನೋಡಿಕೊಳ್ಳುತ್ತಿದ್ದವು. ಅತ್ತೆ-ಮಾವ ಮದುವೆಗೆ ಮಾಡಿದ ಖರ್ಚಿನ ಮೇಲೆಲ್ಲ ಹಿಕ್ಕೆ. ಹೆಸರು ಓದಿ ಓದಿ ಬೇಕಾದ್ದನ್ನು ಬಿಚ್ಚಿ ತಂದು, ಸೋಪುನೀರಿನಲ್ಲಿ ತೊಳೆದು, ಹೆಂಡತಿಯ ಹತ್ತಿ ಸೀರೆಯ ತುಂಡಿನಿಂದ ಒರೆಸಿದ. ಈ ಸಲ ಗಾತ್ರ ದೊಡ್ಡದೇ ಇರಲಿ ಎಂದು ಒತ್ತಿದ. ಊಟವಾದರೂ ಗಿರಣಿ ನಿಲ್ಲಲಿಲ್ಲ.

ಕೊನೆಗೆ ಟೀವಿಯಲ್ಲಿ ಮಾವ ಬಂದರು, ಮೀಸೆಯ ಕೂದಲು ಎಣಿಸುವಷ್ಟು ನಿಚ್ಚಳವಾಗಿ. ಕ್ಯಾಮೆರಾ ಇರುವುದನ್ನು ಮರೆತು ಅಡುಗೆಯವನ ಕಿವಿಯಲ್ಲಿ ಹೇಳುತ್ತಿದ್ದರು: "ದೊಡ್ಡ ಅಳಿಯನ್ನ ಕೊನೇ ಪಂಕ್ತಿಗೆ ಕೂರಿಸಪ್ಪ. ಮೊದಲೇ ಕೂರಿಸಿದ್ರೆ ಬೇರೆಯವರಿಗೆ ಏನೂ ಉಳಿಯಲ್ಲ."

ಹೆಂಡತಿ ಗೋಡೆ ಹಿಡಿದು ನಕ್ಕಳು. ನಾದಿನಿ ಅಳುತ್ತಲೇ ನಗುತ್ತ, "ಭಾವ, ಅದೊಂದು ಮಾತು ಇನ್ನೊಂದ್ಸಲ ಹಾಕಿ" ಎಂದಳು.

ದೊಡ್ಡ ಅಳಿಯ ಮುಖ ಸಿಂಡರಿಸಿಕೊಂಡೇ ಹಾಕಿದ. ಅವಳು ಸಾಕು ಅನ್ನುವವರೆಗೂ ಹಾಕುತ್ತಲೇ ಇದ್ದ.