ಮುಚ್ಚಳದ ಮೇಲಿನ ಕೈ

ಹಳೆಯ ಕಾರಿಗೆ ಟರ್ಬೊ ಕೂರಿಸುವುದರಲ್ಲಿ ನಮ್ಮ ಬೀದಿಯ ಗ್ಯಾರೇಜಿನ ಮೇಸ್ತ್ರಿಯನ್ನು ಮೀರಿಸಿದವರಿಲ್ಲ. ಗಿರಾಕಿಯ ತಾಳ್ಮೆ ಕೆಡಿಸುವುದರಲ್ಲಂತೂ ಇಲ್ಲವೇ ಇಲ್ಲ. ಟರ್ಬೊವನ್ನು ತಣ್ಣಗಿಡುವ ನೀರಿನ ಪೈಪು ಮೇಲೇರುತ್ತಲೇ ಹೋಗಬೇಕು. ನಡುವೆ ಬೆರಳಗಲ ಡುಬ್ಬ ಕಂಡರೂ ಪೂರ್ತಿ ಬಿಚ್ಚಿ ಮತ್ತೆ ಹಾಕುತ್ತಾನೆ. "ಗಾಳಿ ಅಲ್ಲೇ ಮನೆ ಮಾಡ್ಕೊಂಡು ಕೂತ್ಕೊಳ್ಳುತ್ತೆ ಸಾರ್, ನೀರು ಮುಂದಕ್ಕೆ ಹೋಗದೆ ಕುದಿಯುತ್ತೆ" ಎನ್ನುತ್ತಾನೆ. ಕ್ಲಿಪ್ಪನ್ನು ಬಿಗಿಯುತ್ತಾನೆ, ಬೈಯುತ್ತಾನೆ, ಸಡಿಲಿಸಿ ಮತ್ತೆ ಬಿಗಿಯುತ್ತಾನೆ. ಆದರೆ ನಿಜವಾದ ಕಾಟ ಶುರುವಾಗುವುದು ಎಂಜಿನ್ ಓಡಿಸಿ ನಿಲ್ಲಿಸಿದ ಮೇಲೆ. ಯಾರೂ ಕೆಮ್ಮುವಂತಿಲ್ಲ, ಫೋನ್ ಬಂದರೆ ಹೊರಗಟ್ಟುತ್ತಾನೆ. ರೇಡಿಯೇಟರಿನ ಮುಚ್ಚಳಕ್ಕೆ ದಪ್ಪ ಬಟ್ಟೆ ಹೊದಿಸಿ, ಮೇಲೆ ಕೈಯಿಟ್ಟು, ಪೈಪಿನೊಳಗಿನ ಗುಳುಗುಳು ಸದ್ದಿಗೆ ಮೈಯೆಲ್ಲ ಕಿವಿಯಾಗಿ ನಿಲ್ಲುತ್ತಾನೆ. ಮೊನ್ನೆ ನನ್ನ ಕಾರಿಗಾಗಿ ಒಂದು ಗಂಟೆ ಕಾದು ಸಾಕಾಗಿ, ಆ ಬಟ್ಟೆ ಸರಿಸಿ ಮುಚ್ಚಳ ತೆಗೆಯಲು ನಾನೇ ಹೋದೆ. "ಮುಟ್ಟಬೇಡಿ! ನಿಂತ ಎಂಜಿನ್ನು ಬೂದಿ ಮುಚ್ಚಿದ ಕೆಂಡ, ಆರದೆ ತೆಗೆದ್ರೆ ಕುದಿನೀರು ಮುಖಕ್ಕೇ ಹಾರುತ್ತೆ" ಎಂದು ನನ್ನ ಕೈ ತಳ್ಳಿದ. "ಆರಿದೆಯಲ್ಲಪ್ಪಾ, ಬೇಕಾದ್ರೆ ನೀವೇ ಪೈಪ್ ಮುಟ್ಟಿ ನೋಡಿ" ಎಂದೆ. "ನನ್ನ ಕೈನ ನಾನು ನಂಬಲ್ಲ ಸಾರ್" ಎಂದವನು ಒಳಗೆ ತಿರುಗಿ, "ಬಾರೇ ಇಲ್ಲಿ" ಎಂದು ಕೂಗಿದ. ಬಿಡಿಭಾಗಗಳ ಕೋಣೆಯಿಂದ ಅವನ ಹೆಂಡತಿ ಬಂದಳು. ಅವಳ ಕೆನ್ನೆಯಿಂದ ಕೊರಳವರೆಗೆ ಹಳೆಯ ಸುಟ್ಟ ಗಾಯದ ಚರ್ಮ ಹೊಳೆಯುತ್ತಿತ್ತು. ಅವಳು ಪೈಪನ್ನು ಉದ್ದಕ್ಕೂ ಸವರಿ, "ಆರಿದೆ, ತೆಗೀರಿ" ಎಂದಳು. "ಹಿಂದೊಂದು ಸಲ ಇದೇ ಮಾತು ಇವಳಿಗೆ ನಾನು ಹೇಳಿದ್ದೆ ಸಾರ್" ಎಂದ ಮೇಸ್ತ್ರಿ, ಅವಳನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡು, ಮುಖವನ್ನು ಒಂದಿಷ್ಟೂ ಪಕ್ಕಕ್ಕೆ ಸರಿಸದೆ, ಮುಚ್ಚಳ ತಿರುಗಿಸಿದ.