ಭಾವ ಕಿತ್ತೆಸೆದ ತಿಂಗಳುಗಳು

ನಮ್ಮ ಭಾವನಷ್ಟು ಅಚ್ಚುಕಟ್ಟಾದವರು ಭೂಮಿ ಮೇಲೆ ಇನ್ನೊಬ್ಬರಿಲ್ಲ. ಹಾಗೆಂದು ನಮಗೆ ತಿಳಿಸಿದವರೂ ಅವರೇ. ಔಷಧಿ ಉಗ್ರಾಣದ ಕಂಪ್ಯೂಟರ್ ಕೋಣೆ ಅವರ ಸಾಮ್ರಾಜ್ಯ. ಅಕ್ಕ ಅಲ್ಲೇ ಏಳನೇ ತಣ್ಣನೆ ಕೋಣೆ ನೋಡಿಕೊಳ್ಳುತ್ತಾಳೆ. ನಾನು ವ್ಯಾನ್ ಡ್ರೈವರ್, ಅಂದರೆ ಭಾವನ ಪಾಲಿಗೆ ಲೆಕ್ಕಕ್ಕೇ ಇಲ್ಲದವನು.

ಪ್ರತಿ ಕೋಣೆಯ ಮೀಟರು ನಿಮಿಷಕ್ಕೊಮ್ಮೆ ಕಳಿಸುವ ಉಷ್ಣಾಂಶ ಡೇಟಾಬೇಸಿನ ಒಂದು ಟೇಬಲ್ಲಿಗೆ ಹೋಗಿ ಬೀಳುತ್ತದೆ. ಅದರಲ್ಲಿ ತಿಂಗಳಿಗೊಂದು ಪಾರ್ಟಿಷನ್, ಅಂದರೆ ಬೇರೆ ಬೇರೆ ಖಾನೆ; ಬೇಡವಾದರೆ ಇಡೀ ತಿಂಗಳನ್ನೇ ಒಮ್ಮೆಗೆ ಕಿತ್ತೆಸೆಯಬಹುದು. ಎರಡು ವರ್ಷ ದಾಟಿದ್ದನ್ನು ತೆಗೆಯಬಹುದೆಂಬ ನಿಯಮವಿದ್ದರೂ, ಮೇಲಿನವರ ಸಹಿ ಸಿಗದೆ ಹತ್ತು ವರ್ಷದ ತಿಂಗಳುಗಳು ಹಾಗೇ ಬಿದ್ದಿದ್ದವು. ಡಿಸ್ಕ್ ಉಸಿರುಗಟ್ಟುವ ಹೊತ್ತಿಗೆ ಸಹಿ ದಯಮಾಡಿಸಿತು.

ಅದಕ್ಕೆ ಮೂರು ತಿಂಗಳ ಮೊದಲೇ ಏಳನೇ ಕೋಣೆಯ ಮೀಟರಿಗೆ ಹೊಸ ಬ್ಯಾಟರಿ ಹಾಕಿದ್ದರು. ಅದರ ಗಡಿಯಾರ ಆರು ವರ್ಷ ಹಿಂದಕ್ಕೆ ಓಡಿತ್ತು. ಇವತ್ತಿನ ಉಷ್ಣಾಂಶವೆಲ್ಲ ಆರು ವರ್ಷದ ಹಿಂದಿನ ಪಾರ್ಟಿಷನ್ನಿಗೆ ಹೋಗುತ್ತಿತ್ತು. ಅಕ್ಕ ಅದನ್ನು ಊಟದ ಹೊತ್ತಿಗೆ ಹೇಳಿದರೆ, "ಆಫೀಸ್ ವಿಷಯ ಆಫೀಸಲ್ಲಿ ಹೇಳು" ಎನ್ನುತ್ತಿದ್ದರು ಭಾವ. ಆಫೀಸಿನಲ್ಲಿ ಹೇಳಿದರೆ, "ಈಗ ಕೆಲಸದಲ್ಲಿದೀನಿ, ಮನೇಲಿ ಮಾತಾಡೋಣ." ಎಂಥ ಶಿಸ್ತು ನೋಡಿ!

ಒಂದು ಬೆಳಿಗ್ಗೆ ಭಾವ ಅಣೆಕಟ್ಟು ಉದ್ಘಾಟಿಸುವ ಗಾಂಭೀರ್ಯದಿಂದ ಕೂತು ಹಳೆಯ ಎಂಟು ವರ್ಷದ ತಿಂಗಳುಗಳನ್ನು ಕಿತ್ತೆಸೆದರು. ಅಷ್ಟು ಹಳೆಯದಕ್ಕೆ ನಕಲು ಯಾರು ಇಡುತ್ತಾರೆ? ಡಿಸ್ಕ್ ಮುಕ್ಕಾಲು ಖಾಲಿ. ಮ್ಯಾನೇಜರು ಕೈಕುಲುಕಿದರು, ಭಾವ ವಾರವಿಡೀ ಬೀಗಿದರು.

ಮುಂದಿನ ವಾರ ತಪಾಸಣೆಗೆ ಬಂದ ಅಧಿಕಾರಿ ಏಳನೇ ಕೋಣೆಯ ಮೂರು ತಿಂಗಳ ದಾಖಲೆ ಕೇಳಿದರು. ಒಂದು ಸಾಲೂ ಇಲ್ಲ; ಎಲ್ಲ ಆರು ವರ್ಷದ ಹಿಂದಿನ ಖಾನೆಯ ಜೊತೆಗೇ ಹೋಗಿತ್ತು. ದಾಖಲೆಯಿಲ್ಲದ ಔಷಧಿಯನ್ನೆಲ್ಲ ನಾಶ ಮಾಡಬೇಕು, ಕೋಣೆ ನೋಡಿಕೊಳ್ಳುವವಳನ್ನು ಕೆಲಸದಿಂದ ತೆಗೆಯಬೇಕು ಎಂದರು. ಮೀಟರಿನ ಗಡಿಯಾರ ನೋಡಿ ಅಕ್ಕನ ಕಡೆ ತಿರುಗಿದರು.

"ಗಡಿಯಾರ ಕೆಟ್ಟಿದ್ದು ಯಾರಿಗಾದ್ರೂ ಹೇಳಿದ್ರೇನಮ್ಮಾ?"

ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಗಂಡನ ಮಾನ ಕಾಪಾಡುತ್ತಿದ್ದಳು, ಪುಣ್ಯಾತ್ಗಿತ್ತಿ. ನನಗೆ ಮೈಯೆಲ್ಲ ಉರಿಯಿತು. ಬಾಗಿಲಲ್ಲಿ ನಿಂತಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಎದ್ದು ನಿಂತರು.

"ನನಗೇ ಹೇಳಿದ್ಲು ಸಾರ್. ಮೂರು ಸಲ ಹೇಳಿದ್ಲು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ತಪ್ಪು ನಂದು, ಅವಳನ್ನ ಬಿಟ್ಬಿಡಿ."

ಇಪ್ಪತ್ತು ವರ್ಷದಲ್ಲಿ ಭಾವನ ಬಾಯಿಂದ 'ತಪ್ಪು ನಂದು' ಎಂಬ ಮಾತು ಬಂದದ್ದು ಅದೇ ಮೊದಲು. ಇನ್ನು ತಮ್ಮ ಕೆಲಸವೇ ಹೋಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳೇಕೆ, ನನ್ನ ಕಣ್ಣೂ ತುಂಬಿಬಂತು.

ಅಧಿಕಾರಿ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಅಕ್ಕ ಕಣ್ಣೊರೆಸಿಕೊಂಡಳು. ಮೂಗು ಎಳೆದುಕೊಂಡು, ಮೊದಲ ಸಲ ಬಾಯಿಬಿಟ್ಟಳು.

"ನಾಲ್ಕು ಸಲ ಸಾರ್."