ಶಾಲಿನಿ ಮಿಸ್ ಕೊಟ್ಟ ಉಸಿರಿನ ಪಾಠ

ರಾಮನಗರದ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವ ಶಾಲಿನಿ ಸಾತನೂರಿನ ಕಡೆಯವಳು. ತಾನು ಓದುವಾಗ ಶ್ವಾಸಕೋಶದ ಚಿತ್ರ ಬರೆದು ಬಣ್ಣ ತುಂಬಿದ್ದಳೇ ಹೊರತು, ಅದು ತನ್ನೆದೆಯಲ್ಲೇ ಇದೆಯೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ತನ್ನ ತರಗತಿಯ ಮಕ್ಕಳಿಗೆ ಹಾಗಾಗಬಾರದೆಂಬುದು ಅವಳ ಹಟ. ಹೋದ ವರ್ಷ ಮಕ್ಕಳು ಶಾಲೆಯ ಹಿಂದಿನ ಮೋರಿಯಲ್ಲಿ ಸೊಳ್ಳೆಮರಿ ಹುಡುಕಿ, ನಗರಸಭೆಗೆ ಓಡಾಡಿ ಮೋರಿ ಶುಚಿ ಮಾಡಿಸಿದ್ದರು. ಆ ಹುಮ್ಮಸ್ಸಿನಲ್ಲೇ ಈ ಸಲ ಒಂಬತ್ತನೇ ತರಗತಿಗೆ ಹೇಳಿದಳು: "ನಿಮ್ಮ ಮನೇಲಿ ಯಾರಿಗೆ ಉಸಿರಿನ ತೊಂದರೆ ಇದೆ, ಯಾಕಿದೆ, ನಾವೇನು ಮಾಡಬಹುದು, ನೋಡ್ಕೊಂಡು ಬನ್ನಿ."

ಉಸಿರು ಅಳೆಯಲು ಒಂದು ಉಪಾಯವನ್ನೂ ತೋರಿಸಿದಳು: ನೀರು ತುಂಬಿದ ಬಾಟಲಿಯನ್ನು ನೀರಿನ ಬಕೆಟ್ಟಿನಲ್ಲಿ ಬೋರಲಿಟ್ಟು, ಕೊಳವೆಯಿಂದ ಊದಿದರೆ ಎಷ್ಟು ನೀರು ಇಳಿಯುತ್ತದೋ ಅಷ್ಟು ಉಸಿರು. ಮಕ್ಕಳಿಗೆ ಅದೊಂದು ಆಟವೇ ಆಯಿತು. ಪೋಷಕರ ಸಭೆಯ ದಿನ ಅದೇ ತರಗತಿಯ ನಿಖಾತ್ ತನ್ನ ತಾಯಿ ತಾಹೇರಾಳನ್ನು ಬಾಟಲಿಯ ಮುಂದೆ ಕೂರಿಸಿದಳು. ತಾಹೇರಾ ಮದುವೆಯಾದಾಗಿನಿಂದ ಮನೆಯಲ್ಲೇ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವಳು. ನಗುತ್ತಲೇ ಊದಿದಳು. ನೀರು ಅಲ್ಲಾಡಿತು, ಇಳಿದದ್ದು ಒಂದು ಬೆರಳಷ್ಟೇ. ಕೆಮ್ಮು ಹತ್ತಿತು.

ಮುಂದಿನದನ್ನೆಲ್ಲ ನಿಖಾತಳೇ ನಿಂತು ಮಾಡಿದಳು. ಹಬೆ ಹೋಗಲು ಗೋಡೆಗೆ ಕಿಂಡಿ ಬೇಕೆಂದು ಲೆಕ್ಕ ಹಾಕಿದಳು; ಮನೆ ಮಾಲೀಕ ಒಪ್ಪಲಿಲ್ಲ. ಬಟ್ಟೆಯ ಮಾಸ್ಕ್ ಹೊಲಿದಳು. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಳು. ಈ ಕೆಲಸಕ್ಕೆ ವಿಜ್ಞಾನ ಮೇಳದಲ್ಲಿ ಬಹುಮಾನವೂ ಬಂತು; ಹೆಡ್‌ಮಾಸ್ಟರ್ ಪ್ರಕಾಶ್ ಎಲ್ಲರಿಗೂ ಮೈಸೂರುಪಾಕ್ ಹಂಚಿದರು. ಅದಾದ ಮೇಲೆ ನಿಖಾತ್ ಶಾಲೆಗೆ ಬರಲಿಲ್ಲ.

ಶಾಲಿನಿ ಮನೆ ಹುಡುಕಿಕೊಂಡು ಹೋದಳು. ಬೇಯುವ ಗೂಡಿನ ವಾಸನೆ ಬೀದಿಯ ತುದಿಗೇ ಮೂಗಿಗಡರಿತು. ಒಳಗೆ, ಹಬೆಯೇಳುವ ನೀರಿನ ಮುಂದೆ, ತಾಯಿಯ ಜಾಗದಲ್ಲಿ ನಿಖಾತ್ ಕೂತಿದ್ದಳು. ಮಾಸ್ಕ್ ಒದ್ದೆಯಾಗಿ ಗಲ್ಲಕ್ಕೆ ಜಾರಿತ್ತು.

ತಾಹೇರಾ ಬಾಗಿಲ ಬಳಿ ಕೂತಿದ್ದಳು. "ಡಾಕ್ಟ್ರು ಈ ಕೆಲ್ಸ ಬುಟ್ಬುಡು ಅಂದ್ರು ಮೇಡಂ, ಬುಟ್ಟೆ. ಇವಳ ಅಪ್ಪ ಒಬ್ರ ಕೈಲೇ ಆಯ್ತದಾ?"

"ಬೇರೆ ಯಾರನ್ನಾದ್ರೂ ಕೂಲಿಗೆ..." ಶಾಲಿನಿ ತಡವರಿಸಿದಳು.

"ಉಸ್ರು ಕಟ್ತೈತೆ ಅಂತ ನಂಗೆ ಗೊತ್ತಿರ್ಲಿಲ್ವಾ ಮೇಡಂ? ಗೊತ್ತಿತ್ತು. ಇವಳು ಓದ್ಲಿ ಅಂತ ಬಾಯಿ ಮುಚ್ಕೊಂಡು ಕೂತಿದ್ದೆ."

ನಿಖಾತ್ ನೂಲಿನಿಂದ ಕಣ್ಣೆತ್ತದೆ, "ಮಿಸ್‌ಗೆ ಏನೂ ಅನ್ಬೇಡ ಅಮ್ಮೀ. ಊದು ಅಂದಿದ್ದು ನಾನೇ ಅಲ್ವಾ" ಎಂದಳು.

ಶಾಲಿನಿ ಮತ್ತೆ ಮತ್ತೆ ಹೋಗಿ ನಿಖಾತಳ ತಂದೆ ಮಕ್ಬೂಲನನ್ನು ಕೇಳಿಕೊಂಡಳು. ಕಡೆಗೆ ಅವನು ಮಧ್ಯಾಹ್ನದ ಮೇಲೆ ಮಗಳನ್ನು ಕಳಿಸಲು ಒಪ್ಪಿದ. ಈಗ ನಿಖಾತ್ ಊಟದ ಬೆಲ್ಲಿನ ನಂತರ ಬರುತ್ತಾಳೆ, ಬಿಸಿನೀರಿಗೆ ಸುಕ್ಕುಗಟ್ಟಿದ ಬೆರಳುಗಳಲ್ಲಿ ಪೆನ್ನು ಹಿಡಿಯುತ್ತಾಳೆ. ಅವಳಿಗೆಂದೇ ಶಾಲಿನಿ ತನ್ನ ಪಿರಿಯಡ್ಡನ್ನು ಮಧ್ಯಾಹ್ನಕ್ಕೆ ಬದಲಿಸಿಕೊಂಡಿದ್ದಾಳೆ. ಅವಳ ಕೈಲಾದದ್ದು ಅಷ್ಟೇ. ಹೊಸ ಪಾಠಕ್ಕೆ ಯಾವ ಸಮಸ್ಯೆ ಹುಡುಕೋಣ ಮಿಸ್ ಎಂದು ಮಕ್ಕಳು ದಿನವೂ ಕೇಳುತ್ತಾರೆ. ಅವಳು ಇನ್ನೂ ಹೇಳಿಲ್ಲ.